ಮಳೆಗಾಲದಾಗ ಹಾಕಿ ಎಲ್ಲಿ ಆಡೋದು? ಸೂರಿನಡಿಯ ಹಾಕಿಯ ಕತೆ

ಖಾನಾಪುರದ ಮಳೆ ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ ತನಕ ಬಿಡುವುದಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ ಕಡೆಯಂತೂ ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ. ಶಾಲೆಯ ಮೈದಾನ ಕೆಸರುಗದ್ದೆ ಆಗಿರುತ್ತದೆ. ಶಾಲಾ ಕ್ರೀಡಾಕೂಟಗಳು ಹೆಚ್ಚಾಗಿ ನಡೆಯುವುದೂ ಇದೇ ತಿಂಗಳುಗಳಲ್ಲಿ. ಹಾಗಾದರೆ ಹಾಕಿ ಸ್ಟಿಕ್ ಹಿಡಿದ ಹುಡುಗ ಅಭ್ಯಾಸ ಮಾಡುವುದು ಎಲ್ಲಿ?

ಜರ್ಮನಿಯವರಿಗೂ ಇಂಥದೇ ತೊಂದರೆ ಇತ್ತು. ಅಲ್ಲಿ ಮಳೆಯ ಬದಲು ಹಿಮ, ಅಷ್ಟೇ ವ್ಯತ್ಯಾಸ.

ಹಿಮಕ್ಕೆ ಹೆದರಿ ಒಳಗೆ ಹೋದ ಆಟ

ಚಳಿಗಾಲದಲ್ಲಿ ಹುಲ್ಲಿನ ಮೈದಾನ ಹೆಪ್ಪುಗಟ್ಟಿದಾಗ ಜರ್ಮನಿಯ ಹಾಕಿ ಆಟಗಾರರು ಸುಮ್ಮನೆ ಕೂಡಲಿಲ್ಲ, ಹಾಲ್‌ಗಳ ಒಳಗೆ ಹೋದರು. 1950ರ ದಶಕದಲ್ಲಿ ಅಲ್ಲಿ ಬೆಳೆದ ಈ ಆಟವೇ ಒಳಾಂಗಣ ಹಾಕಿ. 1968ರಲ್ಲಿ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ಇದನ್ನು ಒಪ್ಪಿಕೊಂಡಿತು. 1974ರಲ್ಲಿ ಬರ್ಲಿನ್‌ನಲ್ಲಿ ಯುರೋಪ್ ದೇಶಗಳ ಮೊದಲ ಒಳಾಂಗಣ ಚಾಂಪಿಯನ್‌ಷಿಪ್ ನಡೆಯಿತು. 2003ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮೊದಲ ವಿಶ್ವಕಪ್ ಆಯಿತು.

ಜಾಗದ ಲೆಕ್ಕ ನೋಡಿ. ಹೊರಗಿನ ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಎಕರೆ 10 ಗುಂಟೆ. ಒಳಾಂಗಣ ಹಾಕಿಗೆ 40 ಮೀಟರ್ ಉದ್ದ, 20 ಮೀಟರ್ ಅಗಲ ಇದ್ದರೆ ಸಾಕು, ಅಂದರೆ 8 ಗುಂಟೆ. 36 ಮೀಟರ್ ಉದ್ದ, 18 ಮೀಟರ್ ಅಗಲದಲ್ಲೂ ನಿಯಮದ ಪ್ರಕಾರವೇ ಆಡಬಹುದು.

ತಂಡದಲ್ಲಿ 11 ಜನರ ಬದಲು ಗೋಲ್‌ಕೀಪರ್ ಸೇರಿ 6 ಜನ. ಸ್ಟಿಕ್ ಬೀಸಿ ಹೊಡೆಯುವಂತಿಲ್ಲ, ಚೆಂಡನ್ನು ತಳ್ಳಬೇಕು. ಗೋಲಿಗೆ ಹೊಡೆಯುವಾಗ ಬಿಟ್ಟರೆ ಚೆಂಡನ್ನು ಮೇಲೆತ್ತುವಂತಿಲ್ಲ. ಎರಡೂ ಬದಿಗೆ 10 ಸೆಂಟಿಮೀಟರ್ ಎತ್ತರದ ಪಟ್ಟಿ ಇರುತ್ತದೆ. ಕೇರಂ ಆಡುವವರು ರಿಬೌಂಡ್ ಹೊಡೆದಂತೆ ಆ ಪಟ್ಟಿಗೆ ಚೆಂಡು ತಾಗಿಸಿ ಜೊತೆಗಾರನಿಗೆ ಕೊಡಬಹುದು. ಜಾಗ ಕಡಿಮೆ, ಯೋಚಿಸಲು ಸಮಯವೂ ಕಡಿಮೆ. ಹಾಗಾಗಿ ತೋಳಿನ ಬಲಕ್ಕಿಂತ ಮಣಿಕಟ್ಟಿನ ಚುರುಕೇ ಮುಖ್ಯ.

ದೇಶದ ಹೆಸರಲ್ಲಿ ಅಲ್ಲ, ಊರಿನ ಹೆಸರಲ್ಲಿ

1990ರಿಂದ ಯುರೋಪಿನಲ್ಲಿ ಪುರುಷರ ಒಳಾಂಗಣ ಕ್ಲಬ್ ಕಪ್ ನಡೆಯುತ್ತಿದೆ. ಇದರಲ್ಲಿ ದೇಶದ ಆಯ್ಕೆ ತಂಡಗಳು ಆಡುವುದಿಲ್ಲ, ಊರಿನ ಕ್ಲಬ್‌ಗಳು ಆಡುತ್ತವೆ. ತನ್ನ ದೇಶದ ಒಳಾಂಗಣ ಲೀಗ್ ಗೆದ್ದ ಕ್ಲಬ್ ಚಳಿಗಾಲದಲ್ಲಿ ಈ ಕಪ್‌ಗೆ ಹೋಗುತ್ತದೆ. ದೇಶಗಳನ್ನು ದರ್ಜೆಗಳಾಗಿ ವಿಂಗಡಿಸಿದ್ದಾರೆ. ಗೆದ್ದರೆ ಮೇಲಿನ ದರ್ಜೆಗೆ ಬಡ್ತಿ, ಸೋತರೆ ಕೆಳಗಿನ ದರ್ಜೆಗೆ ಇಳಿತ. ಹೀಗಾಗಿ ಸಣ್ಣ ದೇಶದ ಕ್ಲಬ್‌ಗೂ ಆಡಲು ಒಂದು ಜಾಗ ಇದ್ದೇ ಇರುತ್ತದೆ.

ಈ ಕಪ್‌ನಲ್ಲಿ ಜರ್ಮನಿಯ ಕ್ಲಬ್‌ಗಳದೇ ಮೇಲುಗೈ. ಕೊಲೋನ್ ನಗರದ ರಾಟ್-ವೈಸ್ ಕ್ಲಬ್ ಹಲವು ಸಲ ಗೆದ್ದಿದೆ. ರಾಟ್-ವೈಸ್ ಅಂದರೆ ಕೆಂಪು-ಬಿಳಿ.

ಬೆಳಗಾವಿಯಿಂದ ಟೋಕಿಯೊಗೆ

ಹಾಕಿ ನಮ್ಮ ಭಾಗಕ್ಕೆ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ದೇಶದ ಎಲ್ಲೆಡೆ ಕ್ಯಾಂಪುಗಳ ಮೂಲಕವೇ ಈ ಆಟ ಹಬ್ಬಿತು. ಬೆಳಗಾವಿಯೂ ಕ್ಯಾಂಪ್ ಇರುವ ಊರು, ಮರಾಠಾ ಲಘು ಪದಾತಿದಳದ ಕೇಂದ್ರ ಇಲ್ಲಿಯೇ ಇದೆ.

ಈ ಬೆಳಗಾವಿಯವರೇ ಬಂಡು ಪಾಟೀಲ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಅವರಿದ್ದರು. ನಾಲ್ಕು ವರ್ಷ ಹಿಂದೆ ರೋಮ್‌ನಲ್ಲಿ ಭಾರತ ಪಾಕಿಸ್ತಾನಕ್ಕೆ 1-0ರಿಂದ ಸೋತು ಚಿನ್ನ ಕಳೆದುಕೊಂಡಿತ್ತು. ಟೋಕಿಯೊದಲ್ಲಿ ಚರಣಜಿತ್ ಸಿಂಗ್ ನಾಯಕತ್ವದ ತಂಡ ಅದೇ ಪಾಕಿಸ್ತಾನವನ್ನು ಅದೇ 1-0ರಿಂದ ಸೋಲಿಸಿತು. ಆ ಒಂದು ಗೋಲು ಹೊಡೆದವರು ಮೊಹಿಂದರ್ ಲಾಲ್.

ಆಗ ಹಾಕಿ ಹುಲ್ಲಿನ ಆಟ. ಬೆಳಗಾವಿಯ ಹುಡುಗ ಕಲಿಯುವುದೂ ಜರ್ಮನಿಯ ಹುಡುಗ ಕಲಿಯುವುದೂ ನೆಲದ ಮೇಲೆಯೇ ಆಗಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಹಾಸು ಬಂತು. ಅದಕ್ಕೆ ಒಂದೇ ವರ್ಷ ಹಿಂದೆ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ 7ನೇ ಸ್ಥಾನಕ್ಕೆ ಇಳಿಯಿತು. ಸೋಲಿಗೆ ಹಾಸು ಒಂದೇ ಕಾರಣ ಅನ್ನಲಾಗದು. ಆದರೆ ಅಲ್ಲಿಂದ ಮುಂದೆ ಹಾಕಿ ದುಡ್ಡಿನ ಆಟವಾಯಿತು. ಹಾಸು ಇರುವ ಕಡೆ ಆಟಗಾರರು ಬೆಳೆದರು. ಹಾಸು ಇಲ್ಲದ ತಾಲ್ಲೂಕುಗಳಲ್ಲಿ ಮಕ್ಕಳು ಕ್ರಿಕೆಟ್ ಬ್ಯಾಟ್ ಹಿಡಿದರು.

ಕೊಡಗಿನವರು ತೋರಿಸಿದ ದಾರಿ

ಹಾಸು ಇಲ್ಲದೆಯೂ ಹಾಕಿ ಉಳಿಸಬಹುದು ಅಂತ ತೋರಿಸಿದ್ದು ಕೊಡಗು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಶುರು ಮಾಡಿದರು. ಮೊದಲ ವರ್ಷ 60 ಕುಟುಂಬಗಳು ಬಂದವು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳು ಆಡಿದವು. ಅಜ್ಜ, ಮಗ, ಸೊಸೆ, ಮೊಮ್ಮಗಳು ಒಂದೇ ತಂಡದಲ್ಲಿ ಆಡುವುದೂ ಉಂಟು.

ಕೊಲೋನ್‌ನ ಕ್ಲಬ್‌ಗೂ ಕೊಡಗಿನ ಕುಟುಂಬಕ್ಕೂ ಇರುವ ಸಾಮ್ಯ ಇದೇ. ಆಟ ನಿಂತಿರುವುದು ಸರ್ಕಾರದ ಆದೇಶದ ಮೇಲಲ್ಲ, ವರ್ಷವೂ ತಪ್ಪದೆ ಸೇರುವ ಒಂದು ಗುಂಪಿನ ಮೇಲೆ.

ನಮ್ಮ ತಾಲ್ಲೂಕಿಗೆ ಇದರಿಂದ ಏನು?

ಖಾನಾಪುರ ಹಂಚು, ಮಡಿಕೆಗೆ ಹೆಸರಾದ ಊರು. ಮಳೆಯಿಂದ ತಲೆ ಕಾಯುವ ಸೂರಿನ ಬೆಲೆ ಇಲ್ಲಿಯವರಿಗೆ ಬೇರೆ ಹೇಳಬೇಕಿಲ್ಲ. ಕೃತಕ ಹಾಸಿನ ಮೈದಾನ ಪ್ರತಿ ತಾಲ್ಲೂಕಿಗೆ ಬರುವುದು ದೂರದ ಮಾತು. ಆದರೆ 8 ಗುಂಟೆಯ ಸೂರು ಅಷ್ಟು ದೂರದ್ದಲ್ಲ. ಹ್ಯಾಂಡ್‌ಬಾಲ್ ಅಂಕಣದ ಅಳತೆಯೂ 40 ಮೀಟರ್, 20 ಮೀಟರ್. ಹಾಗಾಗಿ ಒಂದೇ ಹಾಲ್‌ನಲ್ಲಿ ಹಾಕಿ, ಹ್ಯಾಂಡ್‌ಬಾಲ್, ವಾಲಿಬಾಲ್, ಕಬಡ್ಡಿ ಎಲ್ಲವನ್ನೂ ಆಡಿಸಬಹುದು. ನೆಲ ಮಾತ್ರ ಸಮತಟ್ಟಾಗಿರಬೇಕು, ಜಾರಬಾರದು.

ಅಷ್ಟು ದೊಡ್ಡ ಹಾಲ್ ಕಟ್ಟುವ ತನಕವೂ ಕಾಯಬೇಕಿಲ್ಲ. ಸಿಮೆಂಟ್ ನೆಲ, ತಗಡಿನ ಸೂರು ಇರುವ ಚಿಕ್ಕ ಜಾಗದಲ್ಲೂ ಬದಿಗೆ ಮರದ ಪಟ್ಟಿ ಇಟ್ಟು ಮೂರು ಮೂರು ಮಂದಿ ಚೆಂಡು ತಳ್ಳುವ ಅಭ್ಯಾಸ ಮಾಡಬಹುದು. ನಿಮ್ಮ ಊರಿನಲ್ಲಿ ಅಂಥ ಜಾಗ ಇದೆಯೇ ನೋಡಿ. ಇದ್ದರೆ ಶಾಲೆಯ ಪಿಇ ಮಾಸ್ತರರ ಜೊತೆ ಮಾತಾಡಿ. ಸೂರೇ ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ರಸ್ತೆ, ಗಟಾರದ ಜೊತೆಗೆ ಮಕ್ಕಳು ಮಳೆಗಾಲದಲ್ಲೂ ಆಡುವ ಒಂದು ಸೂರು ಬೇಕು ಅಂತ ಬರೆಸಿ.