ಕೊನೆ ಗೊತ್ತಿಲ್ಲದ ಪ್ರೀತಿಗೊಂದು ಧಾಟಿ: ಅಮೆರಿಕದ ಟೆಲಿವಿಷನ್ ಸರಣಿಗಳಲ್ಲಿ ಮರುಕಳಿಸುವ ಪ್ರೇಮಸಂಗೀತ

ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಕೊಡುವವನು ಕೆಲಸಕ್ಕೆ ಕೂರುವ ಹೊತ್ತಿಗೆ ಪ್ರೇಮಿಗಳ ಹಣೆಬರಹ ತೀರ್ಮಾನವಾಗಿರುತ್ತದೆ. ಸಂಕಲನ ಮುಗಿದ ಚಿತ್ರ ಕಣ್ಣೆದುರಿಗಿರುತ್ತದೆ. ಕೊನೆಯ ದೃಶ್ಯಕ್ಕೆ ಬೇಕಾದುದನ್ನು ಮೊದಲ ದೃಶ್ಯದಲ್ಲೇ ಬಿತ್ತಬಹುದು. ಟೆಲಿವಿಷನ್ ಸರಣಿಯವನಿಗೆ ಈ ಸೌಕರ್ಯವಿಲ್ಲ. ಈ ವಾರ ಕಣ್ಣು ಕಲೆತ ಜೋಡಿ ಬರುವ ವರ್ಷ ಮದುವೆಯಾಗುತ್ತದೋ, ಇಬ್ಬರಲ್ಲೊಬ್ಬರು ಸಾಯುತ್ತಾರೋ, ವಾಹಿನಿಯವರು ಸರಣಿಯನ್ನೇ ನಿಲ್ಲಿಸಿಬಿಡುತ್ತಾರೋ ಎನ್ನುವುದು ಎಷ್ಟೋ ಸಲ ಕಥೆ ಬರೆಯುವವರಿಗೂ ತಿಳಿದಿರುವುದಿಲ್ಲ. ಆದರೂ ಧಾಟಿ ಈ ವಾರವೇ ಬೇಕು. ಮುಂದೆ ಏನೇ ಆದರೂ ಅದಕ್ಕೆ ಒಗ್ಗಬೇಕು.

ಮರುಕಳಿಸುವ ಧಾಟಿಯ ಇತಿಹಾಸವನ್ನು ಒಪೆರಾ ರಚನಕಾರ ವಾಗ್ನರ್‌ನಿಂದ ಆರಂಭಿಸುವುದು ರೂಢಿ. 1876ರಲ್ಲಿ ಬೈರಾಯ್ಟ್‌ನಲ್ಲಿ ಪೂರ್ಣವಾಗಿ ಪ್ರದರ್ಶನಗೊಂಡ ‘ರಿಂಗ್’ ನಾಟಕಚಕ್ರದ ಲೈಟ್‌ಮೋಟಿಫ್ ಪದ್ಧತಿ, ಅಂದರೆ ಪಾತ್ರಕ್ಕೋ ಭಾವಕ್ಕೋ ಒಂದು ಧಾಟಿ ಕಟ್ಟಿ ಅದನ್ನು ಮತ್ತೆ ಮತ್ತೆ ತರುವ ಕ್ರಮ, ವಿಯೆನ್ನಾದಲ್ಲಿ ಹುಟ್ಟಿದ ಮ್ಯಾಕ್ಸ್ ಸ್ಟೈನರ್‌ನಂಥವರ ಮೂಲಕ ಹಾಲಿವುಡ್‌ಗೆ ಬಂದದ್ದು ನಿಜ. 1944ರ ‘ಲಾರಾ’ ಚಿತ್ರದಲ್ಲಿ ಡೇವಿಡ್ ರಾಕ್ಸಿನ್ ಹೆಚ್ಚುಕಡಿಮೆ ಒಂದೇ ಧಾಟಿಯನ್ನು ಉದ್ದಕ್ಕೂ ಹೊರಳಿಸಿ ಹೊರಳಿಸಿ ಬಳಸಿದ್ದೂ ನಿಜ. ಟೆಲಿವಿಷನ್ನಿಗೆ ಮಾತ್ರ ಈ ವಂಶಾವಳಿ ಸರಿಯಾಗಿ ಹೊಂದುವುದಿಲ್ಲ. ಅಲ್ಲಿ ಪ್ರೇಮದ ಧಾಟಿ ಮರುಕಳಿಸತೊಡಗಿದ್ದು ಮುಖ್ಯವಾಗಿ ಖರ್ಚು ಉಳಿಸುವ ಸಲುವಾಗಿ. ಕಲೆ ಹಿಂದಿನಿಂದ ಬಂದು ಸೇರಿಕೊಂಡಿತು.

1950ರ ದಶಕದ ಆರಂಭದಲ್ಲಿ ಜೇಮ್ಸ್ ಪೆಟ್ರಿಲೋ ನೇತೃತ್ವದ ಅಮೆರಿಕದ ವಾದ್ಯಗಾರರ ಒಕ್ಕೂಟ, ಫಿಲ್ಮಿನಲ್ಲಿ ತಯಾರಾಗುವ ಟೆಲಿವಿಷನ್ ಸರಣಿಗಳ ಆದಾಯದಲ್ಲಿ ಶೇ. 5ರ ಪಾಲನ್ನು ವಾದ್ಯಗಾರರ ನಿಧಿಗೆ ಕೇಳಿತು. ಆ ಖರ್ಚು ತಪ್ಪಿಸಲು ನಿರ್ಮಾಪಕರು ಸಂಗ್ರಹದಲ್ಲಿದ್ದ ಧ್ವನಿಮುದ್ರಿಕೆಗಳತ್ತ ತಿರುಗಿದರು. ಮುಂದೆ ನಿಯಮಗಳು ಸಡಿಲಗೊಂಡ ಮೇಲೂ ಮರುಬಳಕೆಯ ಅಭ್ಯಾಸ ಬಿಡಲಿಲ್ಲ. 1966ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’ನಲ್ಲಿ ಕೆಲವು ಕಂತುಗಳಿಗಷ್ಟೇ ಹೊಸ ಸಂಗೀತ; ಉಳಿದವಕ್ಕೆ ಅದನ್ನೇ ಕತ್ತರಿಸಿ ಹೊಂದಿಸುತ್ತಿದ್ದರು. ‘ಶೋರ್ ಲೀವ್’ ಕಂತಿನಲ್ಲಿ ಕ್ಯಾಪ್ಟನ್ ಕರ್ಕ್‌ನ ಹಳೆಯ ಪ್ರೇಯಸಿ ರೂತ್‌ಗಾಗಿ ಜೆರಾಲ್ಡ್ ಫ್ರೀಡ್ ರಚಿಸಿದ ಧಾಟಿ ಹೀಗೆಯೇ ಬೇರೆ ಕಂತುಗಳ ಪ್ರೇಮದೃಶ್ಯಗಳಿಗೂ ಹೋಯಿತು. ಸ್ಪಾಕ್ ಎಂಬ ಇನ್ನೊಂದು ಪಾತ್ರದ ಪ್ರೀತಿಗೂ ರೂತ್‌ಳ ಅದೇ ಧಾಟಿ. ಸಂಗೀತ ಸಂಕಲನಕಾರನ ಕತ್ತರಿಗೆ ಪಾತ್ರಗಳ ಹೆಸರು ಮುಖ್ಯವಾಗಿರಲಿಲ್ಲ.

ಇದಕ್ಕಿಂತ ಕುತೂಹಲದ ಪ್ರಕರಣ ‘ಡಾರ್ಕ್ ಶ್ಯಾಡೋಸ್’. ವಿದ್ವಾಂಸರು ಅದನ್ನು ಇನ್ನಷ್ಟು ಗಂಭೀರವಾಗಿ ನೋಡಬೇಕಿತ್ತು ಎಂದು ನನಗನ್ನಿಸುತ್ತದೆ. 1966ರಿಂದ 1971ರವರೆಗೆ ಎಬಿಸಿ ವಾಹಿನಿಯಲ್ಲಿ ವಾರದ ಐದು ದಿನ ಮಧ್ಯಾಹ್ನ ಪ್ರಸಾರವಾಗುತ್ತಿದ್ದ ಈ ಧಾರಾವಾಹಿಯಲ್ಲಿ ಭೂತ, ರಕ್ತಪಿಶಾಚಿಗಳೆಲ್ಲ ಇದ್ದವು. ದಿನಕ್ಕೊಂದು ಕಂತಿಗೆ ಹೊಸ ಸಂಗೀತ ಬರೆಯುವುದು ಯಾರಿಂದಲೂ ಆಗದ ಮಾತು. ಹಾಗಾಗಿ ರಾಬರ್ಟ್ ಕೋಬರ್ಟ್ ರಚಿಸಿಟ್ಟ ಚಿಕ್ಕಚಿಕ್ಕ ತುಣುಕುಗಳ ಭಂಡಾರದಿಂದಲೇ ಪ್ರತಿ ದೃಶ್ಯಕ್ಕೂ ಆರಿಸುತ್ತಿದ್ದರು. ಅವುಗಳಲ್ಲೊಂದು ಜೋಸೆಟ್ ಎಂಬ ಸತ್ತ ಯುವತಿಯ ಸಂಗೀತ ಪೆಟ್ಟಿಗೆಯ ನಾದ. ಮುಚ್ಚಳ ತೆರೆದರೆ ನುಡಿಯುವ, ಆಟಿಕೆಯಂಥ, ತುಸು ಚಳಿ ಹುಟ್ಟಿಸುವ ಧಾಟಿ ಅದು. 1967ರಲ್ಲಿ ರಕ್ತಪಿಶಾಚಿ ಬಾರ್ನಬಸ್ ಕಾಲಿನ್ಸ್, ಮ್ಯಾಗಿ ಎವಾನ್ಸ್ ಎಂಬ ಹುಡುಗಿಯನ್ನು ಸೆರೆಯಲ್ಲಿಟ್ಟು, ಆ ಪೆಟ್ಟಿಗೆಯನ್ನು ಕೇಳಿಸಿ ಕೇಳಿಸಿ ಅವಳು ತನ್ನನ್ನು ಜೋಸೆಟ್ ಎಂದೇ ನಂಬುವಂತೆ ಮಾಡಲು ಹೊರಡುತ್ತಾನೆ.

ಬಾರ್ನಬಸ್ ಮತ್ತು ಜೋಸೆಟ್‌ರ ಮೂಲ ಪ್ರೇಮಕಥೆಯನ್ನು ಸರಣಿ ತೋರಿಸಿದ್ದು ಅದೇ ವರ್ಷದ ನವೆಂಬರ್‌ನಲ್ಲಿ ಕಥೆ 1795ಕ್ಕೆ ಹಿಂದೆ ಸರಿದಾಗ. ಅಷ್ಟರಲ್ಲಿ ಪ್ರೇಕ್ಷಕರು ತಿಂಗಳುಗಟ್ಟಲೆ ಆ ಧಾಟಿಯನ್ನು ಕೇಳಿದ್ದರು. ಅಂದರೆ ನೆನಪು ಮೊದಲು ಬಂತು, ಪ್ರೀತಿ ಆಮೇಲೆ. ಒಪೆರಾದಲ್ಲಾಗಲಿ ಸಿನಿಮಾದಲ್ಲಾಗಲಿ ಇಂಥ ತಿರುವುಮುರುವನ್ನು ಇಷ್ಟು ದೀರ್ಘಕಾಲ ಹಿಗ್ಗಿಸಲು ಜಾಗವೇ ಇಲ್ಲ. ಕೋಬರ್ಟ್‌ನ ಇನ್ನೊಂದು ಧಾಟಿಯ ಹಾದಿಯೂ ವಿಚಿತ್ರ. 1968ರ ‘ಜೆಕಿಲ್ ಅಂಡ್ ಹೈಡ್’ ಟೆಲಿಚಿತ್ರಕ್ಕೆಂದು ಬರೆದದ್ದು ಇಲ್ಲಿ ಕ್ವೆಂಟಿನ್ ಎಂಬ ಪಾತ್ರದ ಗ್ರಾಮಫೋನಿನಲ್ಲಿ ಸುತ್ತತೊಡಗಿ, 1969ರಲ್ಲಿ ಬಿಲ್‌ಬೋರ್ಡ್ ಪಟ್ಟಿಯ 13ನೇ ಸ್ಥಾನಕ್ಕೇರಿತು. ಧಾಟಿಗಳು ಹೀಗೆ ಒಂದು ಮನೆ ಬಿಟ್ಟು ಇನ್ನೊಂದು ಮನೆ ಸೇರುವುದು ಆ ಕಾಲದಲ್ಲಿ ಮಾಮೂಲಾಗಿತ್ತು. ‘ದ ಯಂಗ್ ಅಂಡ್ ದ ರೆಸ್ಟ್‌ಲೆಸ್’ ಧಾರಾವಾಹಿಯ ಶೀರ್ಷಿಕೆ ಸಂಗೀತವೂ 1971ರ ಚಲನಚಿತ್ರವೊಂದರಿಂದ ಬಂದದ್ದೇ.

1990ರ ಏಪ್ರಿಲ್ 8ರಂದು ‘ಟ್ವಿನ್ ಪೀಕ್ಸ್’ ಆರಂಭವಾದಾಗ ಈ ಮಿತವ್ಯಯ ಶೈಲಿಯ ಮಟ್ಟಕ್ಕೇರಿತು. ಏಂಜೆಲೋ ಬಾದಲಮೆಂಟಿ ಎಲೆಕ್ಟ್ರಿಕ್ ಪಿಯಾನೋ ಮುಂದೆ ಕೂತಿದ್ದಾಗ ನಿರ್ದೇಶಕ ಡೇವಿಡ್ ಲಿಂಚ್ ಪಕ್ಕದಲ್ಲಿದ್ದು ಕತ್ತಲ ಕಾಡನ್ನೂ ಅಲ್ಲಿಂದ ಹೊರಬರುವ ಒಂಟಿ ಹುಡುಗಿಯನ್ನೂ ಮಾತಿನಲ್ಲೇ ಬಣ್ಣಿಸುತ್ತಾ ಹೋದದ್ದನ್ನು ಬಾದಲಮೆಂಟಿ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಲಾರಾ ಪಾಮರ್‌ಳ ಧಾಟಿ ಹುಟ್ಟಿದ್ದು ಹಾಗೆ. ಮೊದಲು ತಗ್ಗಿನಲ್ಲಿ ಮೈನರ್ ಸ್ವರಗಳ ಭಾರವಾದ ಗುಂಯ್ಗುಡಿಕೆ. ಆಮೇಲೆ ಪಿಯಾನೋ ಒಂದೊಂದೇ ಮೆಟ್ಟಿಲು ಹತ್ತುತ್ತದೆ, ನೆತ್ತಿಯಲ್ಲಿ ಮೇಜರ್‌ಗೆ ತೆರೆದುಕೊಳ್ಳುತ್ತದೆ, ತಡೆಯಲಾರದೆ ಕುಸಿದು ಮತ್ತೆ ಕತ್ತಲಿಗೆ ಬೀಳುತ್ತದೆ.

ಲಾರಾಳ ಸಾವಿನ ಸುದ್ದಿ ಹೆತ್ತವರನ್ನು ತಲುಪಿದಾಗಲೂ ಇದೇ, ಅವಳ ಗೆಳತಿ ಡೊನ್ನಾ ಮತ್ತು ಜೇಮ್ಸ್ ಮೊದಲ ಸಲ ಮುತ್ತಿಟ್ಟಾಗಲೂ ಇದೇ. ಧ್ವನಿಸುರುಳಿಯಲ್ಲಿ ಇದರದೇ ಒಂದು ರೂಪಕ್ಕೆ ‘ಲವ್ ಥೀಮ್’ ಎಂದು ಹೆಸರು. ಕಥೆ ಶುರುವಾಗುವ ಮೊದಲೇ ಕೊಲೆಯಾದವಳ ಧಾಟಿಯೇ ಊರಿನ ಪ್ರೇಮಗಳ ಧಾಟಿ. ದುಃಖ ಮತ್ತು ಅನುರಾಗ ಎರಡನ್ನೂ ಒಂದರ ಹೊಟ್ಟೆಯಲ್ಲೊಂದು ಇಟ್ಟಿದ್ದರಿಂದ ಕಥೆ ಎತ್ತ ತಿರುಗಿದರೂ ಸಂಗೀತ ಸುಳ್ಳಾಗುತ್ತಿರಲಿಲ್ಲ. ಕೊನೆ ಗೊತ್ತಿಲ್ಲದವನ ಸಮಸ್ಯೆಗೆ ಇದಕ್ಕಿಂತ ಚೊಕ್ಕ ಪರಿಹಾರವನ್ನು ನಾನು ಬೇರೆಲ್ಲೂ ಕಂಡಿಲ್ಲ. (ರಾಕ್ಸಿನ್‌ನ ‘ಲಾರಾ’ ಕೂಡ ಸತ್ತಳೆಂದು ಎಲ್ಲರೂ ನಂಬಿದ ಹೆಣ್ಣೊಬ್ಬಳ ಕಥೆ. ಆ ಚಿತ್ರದ ಹೆಸರುಗಳನ್ನು ಲಿಂಚ್ ಬಳಗ ಬೇಕೆಂದೇ ಎರವಲು ತಂದಿದೆ.)

ಕಂತಿಗೊಂದು ಹೊಸ ಸಂಗೀತ ಸಾಮಾನ್ಯವಾದ ಮೇಲೆ ಪ್ರಶ್ನೆ ಬದಲಾಯಿತು: ಹಳೆಯ ಧಾಟಿಯನ್ನು ಯಾವಾಗ, ಏಕೆ ಮರಳಿ ತರಬೇಕು? ‘ಬಫಿ ದ ವ್ಯಾಂಪೈರ್ ಸ್ಲೇಯರ್’ನ ಮೊದಲ ಋತುವಿನಲ್ಲೇ ಪಿಶಾಚಿಗಳ ಬೇಟೆಗಾತಿ ಬಫಿ ಮತ್ತು ಆತ್ಮವುಳ್ಳ ರಕ್ತಪಿಶಾಚಿ ಏಂಜಲ್ ಹತ್ತಿರವಾಗಿದ್ದರು, ಆಗ ಸಂಗೀತ ವಾಲ್ಟರ್ ಮರ್ಫಿಯದು. ಆ ಜೋಡಿಯ ಹೆಸರಿನೊಂದಿಗೆ ಇಂದಿಗೂ ಅಂಟಿಕೊಂಡಿರುವ ಧಾಟಿ ಎರಡನೆಯ ಋತುವಿಗೆ ಬಂದ ಕ್ರಿಸ್ಟೋಫ್ ಬೆಕ್‌ನದು. 1998ರ ಜನವರಿಯಲ್ಲಿ ಇಬ್ಬರೂ ಒಂದಾದ ರಾತ್ರಿಯೇ ಏಂಜಲ್ ಆತ್ಮ ಕಳೆದುಕೊಂಡು ಪರಮಶತ್ರುವಾಗುತ್ತಾನೆ. ಮೇ 19ರಂದು ಪ್ರಸಾರವಾದ ಋತುವಿನ ಕೊನೆಯ ಕಂತಿನಲ್ಲಿ ಅವನಿಗೆ ಆತ್ಮ ಮರಳುತ್ತದೆ. ಆದರೆ ಲೋಕ ಉಳಿಯಬೇಕಾದರೆ ಆ ಕ್ಷಣವೇ ಬಫಿ ಅವನನ್ನು ಇರಿಯಬೇಕು. ‘ಕ್ಲೋಸ್ ಯುವರ್ ಐಸ್’ ಎಂದು ಹೆಸರಾದ ಭಾಗ ಅದು. ಪ್ರೇಮದ ಧಾಟಿ ಅಲ್ಲಿ ತನ್ನ ಪೂರ್ಣ ರೂಪದಲ್ಲಿ ಬರುತ್ತದೆ, ವಿಕಾರಗೊಳ್ಳುವುದಿಲ್ಲ, ಅಪಸ್ವರಕ್ಕೆ ಹೊರಳುವುದಿಲ್ಲ. ಕತ್ತಿ ಇಳಿಯುವಾಗಲೂ ಸಂಗೀತ ಪ್ರೀತಿಯ ಕಡೆಗೇ ನಿಂತಿದೆ. ಅದೇ ಕಥೆಯ ಮೊದಲ ಭಾಗಕ್ಕೆ ಬೆಕ್‌ಗೆ ಎಮ್ಮಿ ಪ್ರಶಸ್ತಿ ಬಂತು.

‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ದಲ್ಲಿ (2004–09) ಸಿಂಫನಿ ಬಗೆಯ ಆರ್ಭಟ ಬೇಡವೆಂಬುದೇ ಮೊದಲ ಸೂಚನೆಯಾಗಿತ್ತು. ಜಪಾನಿನ ತೈಕೋ ಚರ್ಮವಾದ್ಯ, ಅರ್ಮೇನಿಯಾದ ದುದುಕ್‌ಗಳ ನಡುವೆ ಬೇರ್ ಮೆಕ್‌ಕ್ರಿಯರಿ ಧಾಟಿಗಳನ್ನು ಮೆಲ್ಲಗೆ ಒಳಗೆ ತಂದ. ಅಧ್ಯಕ್ಷೆ ರಾಸ್ಲಿನ್ ಮತ್ತು ಸೇನಾನಿ ಅಡಾಮಾ ಬಹುಕಾಲ ಅಧಿಕಾರಕ್ಕಾಗಿ ಹಗ್ಗಜಗ್ಗಾಟ ನಡೆಸಿದವರು. 2006ರ ಜನವರಿಯ ಕಂತಿನಲ್ಲಿ, ಕ್ಯಾನ್ಸರಿನಿಂದ ಸಾಯುತ್ತಿರುವ ಅವಳು ಅವನಿಗೊಂದು ಮುತ್ತು ಕೊಡುತ್ತಾಳೆ. ಅವರಿಬ್ಬರ ಧಾಟಿ ರೂಪುಗೊಳ್ಳುವುದು ಆ ಕಂತಿನಲ್ಲಿ. ಪ್ರೀತಿಸುತ್ತೇನೆ ಎಂದು ಅವಳು ಬಾಯಿಬಿಟ್ಟು ಹೇಳುವುದು 2008ರಲ್ಲಿ. ನಡುವಿನ ಎರಡೂವರೆ ವರ್ಷ, ಪಾತ್ರಗಳು ನುಂಗಿಕೊಂಡ ಮಾತನ್ನು ಹಿಡಿದಿಟ್ಟದ್ದು ತಂತಿವಾದ್ಯಗಳು.

‘ಲಾಸ್ಟ್’ನ ಮೈಕೆಲ್ ಜಿಯಾಕಿನೋ ತನಗೆ ತಾನೇ ಇನ್ನೊಂದು ಕಟ್ಟು ಹಾಕಿಕೊಂಡ. ಅವನ ವಾದ್ಯವೃಂದದಲ್ಲಿ ಕೊಳಲು, ಓಬೋ, ಕ್ಲಾರಿನೆಟ್ ಜಾತಿಯ ವಾದ್ಯಗಳೇ ಇರಲಿಲ್ಲ. ತಂತಿವಾದ್ಯ, ಟ್ರಾಂಬೋನ್, ಹಾರ್ಪ್, ಪಿಯಾನೋ, ತಾಳವಾದ್ಯ, ಇಷ್ಟೇ. ಪಾಶ್ಚಾತ್ಯ ಸಂಗೀತ ಪ್ರೇಮಕ್ಕೆಂದು ಎಷ್ಟೋ ಸಲ ಕೈಚಾಚುವ ಓಬೋವನ್ನೇ ಬಿಟ್ಟುಕೊಟ್ಟು ಡೆಸ್ಮಂಡ್–ಪೆನ್ನಿ ಎಂಬ ಪ್ರೇಮಿಗಳ ಧಾಟಿ ಬರೆದ. 2006ರ ಋತು ಮುಗಿಯುವಾಗ ಕೇಳಿಬಂದ ಅದು 2008ರ ಫೆಬ್ರುವರಿ 28ರ ‘ದ ಕಾನ್‌ಸ್ಟಂಟ್’ ಕಂತಿನ ದೂರವಾಣಿ ಕರೆಯಲ್ಲಿ ಪೂರ್ಣವಾಗಿ ಅರಳುತ್ತದೆ. ಕರೆ ಕಡಿದುಹೋಗುವ ಮೊದಲು ಇಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಾರೆ. ಧಾಟಿ ಅವರ ಅವಸರಕ್ಕೆ ಸೊಪ್ಪು ಹಾಕದೆ ತನ್ನ ನಡೆಯಲ್ಲೇ ಸಾಗುತ್ತದೆ.

ನಮ್ಮ ದಿನನಿತ್ಯದ ಧಾರಾವಾಹಿಗಳನ್ನು ನೋಡುವವರಿಗೆ ಇವುಗಳಲ್ಲಿ ಕೆಲವು ಹೊಸದೆನಿಸಲಿಕ್ಕಿಲ್ಲ. ನಾಯಕ–ನಾಯಕಿಯ ಕಣ್ಣು ಕಲೆತೊಡನೆ ಅದೇ ಆಲಾಪ ನೂರನೆಯ ಸಲ ತೇಲಿಬರುವುದನ್ನು ಅಡುಗೆಮನೆಯಿಂದಲೇ ಕೇಳಿ, ಪರದೆ ನೋಡದೆಯೂ ದೃಶ್ಯ ಹೇಳಬಲ್ಲವರು ಬಹಳ ಮಂದಿ. ಕೋಬರ್ಟ್‌ನ ಭಂಡಾರ ಪದ್ಧತಿಗೆ ಇದು ಹತ್ತಿರದ ನಂಟು.

ಈಚಿನ ಸರಣಿಗಳಲ್ಲಿ ಋತುವೊಂದಕ್ಕೆ ಎಂಟು–ಹತ್ತೇ ಕಂತುಗಳಿರುವಾಗ ಸಂಗೀತಗಾರನ ಸ್ಥಿತಿ ಮತ್ತೆ ಸಿನಿಮಾದವನ ಸ್ಥಿತಿಯನ್ನು ಸಮೀಪಿಸುತ್ತಿದೆ. ‘ಗೇಮ್ ಆಫ್ ಥ್ರೋನ್ಸ್’ನ ಏಳನೆಯ ಋತುವಿನ ಕೊನೆಗೆ, 2017ರ ಆಗಸ್ಟ್‌ನಲ್ಲಿ, ಜಾನ್ ಮತ್ತು ಡೆನೆರಿಸ್ ಕೂಡುವಾಗ ರಮಿನ್ ಜವಾದಿಯ ‘ಟ್ರೂತ್’ ಮೊಳಗುತ್ತದೆ. ಅದೇ ಹೊತ್ತಿಗೆ ಇನ್ನೊಂದು ದೃಶ್ಯದ ಮಾತು ಅವರಿಬ್ಬರ ರಕ್ತಸಂಬಂಧವನ್ನು ನಮಗೆ ತಿಳಿಸುತ್ತಿರುತ್ತದೆ. ಪ್ರೇಕ್ಷಕರ ಕಿವಿಯಲ್ಲಿ ಆ ಧಾಟಿ ಪೂರ್ಣವಾಗಿ ಅರಳಿದ್ದೇ ಅನುಮಾನದ ಜೊತೆಗೆ. 2019ರ ಮೇ 19ರಂದು ಜಾನ್ ಅವಳನ್ನು ಅಪ್ಪಿಕೊಂಡೇ ಇರಿಯುವಾಗ ಜವಾದಿ ಮರಳಿ ತಂದದ್ದೂ ಇದನ್ನೇ. ಬಫಿಯ ಕತ್ತಿ ಇಳಿದು ಅಂದಿಗೆ ಸರಿಯಾಗಿ 21 ವರ್ಷ. ಬೆಕ್‌ನ ಪ್ರೇಕ್ಷಕರು ಆ ಘಳಿಗೆಯವರೆಗೂ ಧಾಟಿಯನ್ನು ನಂಬಿದ್ದರು. ಜವಾದಿಯ ಪ್ರೇಕ್ಷಕರಿಗೆ ಹಾಗೆ ನಂಬಲು ಸರಣಿ ಎಡೆಯನ್ನೇ ಕೊಟ್ಟಿರಲಿಲ್ಲ.