ಬಂದರು ವಿಸ್ತರಣೆ ಮತ್ತು ಕಡಲಜೀವಿಗಳು: ಗಡಿನಾಡಿನ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಉಮರ್ಗಾ, ನಿಲಂಗಾ, ಉದಗೀರಗಳಿಂದ ಅರಬ್ಬೀ ಸಮುದ್ರವು ನೂರಾರು ಕಿಲೋಮೀಟರ್ ದೂರದಲ್ಲಿದೆ. ನಮ್ಮ ಮಕ್ಕಳಲ್ಲಿ ಅನೇಕರು ಕಡಲನ್ನು ಪಠ್ಯಪುಸ್ತಕದ ಚಿತ್ರದಲ್ಲಷ್ಟೇ ಕಂಡಿದ್ದಾರೆ. ಆದರೂ ನಮ್ಮ ಬದುಕು ಬಂದರುಗಳೊಡನೆ ಬೆಸೆದುಕೊಂಡಿದೆ. ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಹೊರದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಸೋಯಾ ಹಿಂಡಿ, ಸಕ್ಕರೆಗಳು ಕಡಲ ದಾರಿಯಲ್ಲಿ ಹೊರಗೆ ಹೋಗುತ್ತವೆ. ನಮ್ಮ ತೊಗರಿಯ ದರವನ್ನು ಇಳಿಸುವ ಮ್ಯಾನ್ಮಾರ್, ಮೊಜಾಂಬಿಕ್‌ಗಳ ತೊಗರಿಯೂ ಬಂದರಿನಲ್ಲಿಯೇ ಇಳಿಯುತ್ತದೆ. ಬಂದರಿನ ಫಲವನ್ನು ಉಣ್ಣುವ ನಾವು ಅದರ ಬೆಲೆಯನ್ನು ಯಾರು ತೆರುತ್ತಾರೆಂಬುದನ್ನೂ ತಿಳಿದಿರಬೇಕು.

ಎರಡು ರಾಜ್ಯಗಳ ನಿದರ್ಶನಗಳು

ಆಡಳಿತದಿಂದ ಮಹಾರಾಷ್ಟ್ರಕ್ಕೂ ಭಾಷೆಯಿಂದ ಕನ್ನಡಕ್ಕೂ ಸೇರಿದ ನಮಗೆ ಎರಡೂ ಕರಾವಳಿಗಳು ನಮ್ಮವೇ.

ಮಹಾರಾಷ್ಟ್ರದ ಪಾಲಘರ ಜಿಲ್ಲೆಯ ಡಹಾಣೂ ಸಮೀಪ ವಾಢವಣ ಬಂದರಿಗೆ ಕೇಂದ್ರ ಸಚಿವ ಸಂಪುಟವು 2024ರ ಜೂನ್ 19ರಂದು ಒಪ್ಪಿಗೆ ನೀಡಿತು. ಅಂದಾಜು ವೆಚ್ಚ 76,220 ಕೋಟಿ ರೂಪಾಯಿ. ಅಲ್ಲಿ 1,448 ಹೆಕ್ಟೇರ್ ಕಡಲನ್ನು ತುಂಬಿ ನೆಲ ಮಾಡಲಾಗುತ್ತದೆ. 10 ಕಿಲೋಮೀಟರಿಗೂ ಉದ್ದದ ಅಲೆತಡೆಗೋಡೆ ಕಟ್ಟಲಾಗುತ್ತದೆ. ಡಹಾಣೂ ತಾಲ್ಲೂಕಿನ ಪರಿಸರ ಸಂರಕ್ಷಣೆಗಾಗಿ ಸುಪ್ರೀಂ ಕೋರ್ಟಿನ ಆದೇಶದಂತೆ 1996ರಲ್ಲಿ ರಚನೆಯಾದ ಪ್ರಾಧಿಕಾರವು 1998ರಲ್ಲಿ ಇಲ್ಲಿ ಬಂದರು ಸಲ್ಲದೆಂದು ಹೇಳಿತ್ತು. ಅದೇ ಪ್ರಾಧಿಕಾರ 2023ರ ಜುಲೈನಲ್ಲಿ ಷರತ್ತುಗಳೊಡನೆ ಸಮ್ಮತಿಸಿತು.

ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯೊಂದರಲ್ಲಿಯೇ ಇಂಥ ವಿವಾದಗಳು ಹಲವು. ಕಾರವಾರ ಬಂದರಿನ ಎರಡನೆಯ ಹಂತದ ವಿಸ್ತರಣೆಯನ್ನು ಮೀನುಗಾರರು ಬೀದಿಗಿಳಿದು ವಿರೋಧಿಸಿದಾಗ, 2020ರ ಜನವರಿಯಲ್ಲಿ ಹೈಕೋರ್ಟು ಕಾಮಗಾರಿಗೆ ತಡೆ ನೀಡಿತು. ಹೊನ್ನಾವರ ತಾಲ್ಲೂಕಿನ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಹೋರಾಟ ವರ್ಷಗಳಿಂದ ನಡೆದಿದೆ; ಅಲ್ಲಿಯ ಮರಳು ದಂಡೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುವ ತಾಣ. ಅಂಕೋಲಾ ತಾಲ್ಲೂಕಿನ ಕೇಣಿಯಲ್ಲಿ ವರ್ಷಕ್ಕೆ 3 ಕೋಟಿ ಟನ್ ಸಾಮರ್ಥ್ಯದ ಹೊಸ ಬಂದರನ್ನು 2023ರ ನವೆಂಬರಿನಲ್ಲಿ ಜೆಎಸ್‌ಡಬ್ಲ್ಯೂ ಸಂಸ್ಥೆಗೆ ವಹಿಸಲಾಯಿತು.

ಬಂದರು ಏಕೆ ಬೇಕೆನ್ನುತ್ತಾರೆ

ಈ ವಾದವನ್ನೂ ನ್ಯಾಯವಾಗಿ ಕೇಳಬೇಕು. ಇಂದಿನ ದೊಡ್ಡ ಹಡಗುಗಳಿಗೆ ಆಳವಾದ ನೀರು ಬೇಕು. ಅಂಥ ಆಳ ನಮ್ಮ ಹೆಚ್ಚಿನ ಬಂದರುಗಳಲ್ಲಿ ಇಲ್ಲವಾದ್ದರಿಂದ ಭಾರತದ ಸರಕಿನ ಒಂದು ಭಾಗ ಕೊಲಂಬೊ, ಸಿಂಗಪುರಗಳಲ್ಲಿ ಹಡಗು ಬದಲಿಸುತ್ತದೆ. ಇದರಿಂದ ಹಣವೂ ಸಮಯವೂ ವ್ಯಯವಾಗುತ್ತವೆ. ವಾಢವಣದಲ್ಲಿ ತೀರದ ಬಳಿಯೇ ಸುಮಾರು 20 ಮೀಟರ್ ಸಹಜ ಆಳವಿದೆ. ಸಾಗಣೆಯ ವೆಚ್ಚ ತಗ್ಗಿದರೆ ಮರಾಠವಾಡದ ರೈತನಿಗೂ ಒಂದಿಷ್ಟು ಲಾಭವುಂಟು.

ಮೀನಿಗೂ ತಿಮಿಂಗಿಲಕ್ಕೂ ಆಗುವುದೇನು

ಮೀನಿನ ಬಾಳು ತೀರಕ್ಕೆ ಅಂಟಿಕೊಂಡಿದೆ. ನದಿಯು ಕಡಲನ್ನು ಸೇರುವ ಅಳಿವೆ, ಕಾಂಡ್ಲಾ ಗಿಡಗಳ ಬೇರು, ತೀರದ ಬಂಡೆ, ಇವೇ ಮರಿಗಳು ಬೆಳೆಯುವ ತೊಟ್ಟಿಲುಗಳು. ಹಡಗಿನ ದಾರಿಗಾಗಿ ಹೂಳೆತ್ತಿದಾಗ ತಳದ ಜೀವಿಗಳು ನಾಶವಾಗುತ್ತವೆ, ನೀರು ಕದಡಿ ಬೆಳಕು ತಗ್ಗುತ್ತದೆ. ಅಲೆತಡೆಗೋಡೆಯು ಮರಳಿನ ಸಹಜ ಚಲನೆಯನ್ನು ತಡೆಯುವುದರಿಂದ ಒಂದು ಬದಿಯಲ್ಲಿ ಮರಳು ತುಂಬಿ, ಇನ್ನೊಂದು ಬದಿಯಲ್ಲಿ ದಂಡೆ ಕೊರೆದುಹೋಗುತ್ತದೆ. ದೋಣಿ ನಿಲ್ಲಿಸಲು, ಮೀನು ಒಣಗಿಸಲು ಆ ದಂಡೆಯೇ ಮೀನುಗಾರರ ಅಂಗಳ. ಬಂದರಿನ ಪ್ರಸ್ತಾಪಕ್ಕೆ ಗುರಿಯಾಗಿದ್ದ ತದಡಿ ಬಳಿಯ ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕಿ ಜೀವಿಸುವ ಕುಟುಂಬಗಳು ಬಹಳ. ಆ ಅಳಿವೆ 2024ರಲ್ಲಿ ರಾಮ್ಸರ್ ತಾಣವೆಂದು ಅಂತಾರಾಷ್ಟ್ರೀಯ ಮಾನ್ಯತೆ ಪಡೆಯಿತು.

ತಿಮಿಂಗಿಲವು ಮೀನಲ್ಲ, ಶ್ವಾಸಕೋಶದಿಂದ ಉಸಿರಾಡಿ ಮರಿಗೆ ಹಾಲೂಡಿಸುವ ಸಸ್ತನಿ. ಅರಬ್ಬೀ ಸಮುದ್ರದ ಗೂನುಬೆನ್ನಿನ ತಿಮಿಂಗಿಲಗಳು ಇತರ ಕಡಲುಗಳ ತಮ್ಮ ಬಂಧುಗಳಂತೆ ಧ್ರುವದತ್ತ ವಲಸೆ ಹೋಗದೆ ವರ್ಷವಿಡೀ ಇಲ್ಲಿಯೇ ಇರುತ್ತವೆ. ಒಮಾನ್ ತೀರದ ಗಣತಿಯಲ್ಲಿ ಅವುಗಳ ಸಂಖ್ಯೆ ನೂರಕ್ಕೂ ಕಡಿಮೆಯೆಂದು ಅಂದಾಜಾಗಿದೆ. ಕಾರವಾರಕ್ಕೆ ಹತ್ತಿರದ ಗೋವಾ ತೀರದಲ್ಲಿಯೂ ಅವುಗಳ ಹಾಡು ದಾಖಲಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿ ತಿಮಿಂಗಿಲಗಳಿಗೆ ರಕ್ಷಣೆ ನೀಡಿದೆ. ಆದರೆ ಹಡಗುಗಳ ಸದ್ದು ಅವು ಪರಸ್ಪರ ಕರೆಯುವ ದನಿಯನ್ನು ಮುಳುಗಿಸುತ್ತದೆ. ವೇಗದ ಹಡಗು ಬಡಿದರೆ ಸಾವೇ ಗತಿ.

ಇದಕ್ಕೆ ಪರಿಹಾರವಿಲ್ಲದಿಲ್ಲ. ಅಮೆರಿಕವು 2008ರಿಂದ ತನ್ನ ಪೂರ್ವ ತೀರದ ಕೆಲವು ಭಾಗಗಳಲ್ಲಿ, ನಿಗದಿತ ಋತುಗಳಲ್ಲಿ, ಹಡಗುಗಳ ವೇಗವನ್ನು ಗಂಟೆಗೆ 10 ನಾಟ್, ಅಂದರೆ ಸುಮಾರು 18 ಕಿಲೋಮೀಟರಿಗೆ ಸೀಮಿತಗೊಳಿಸಿತು. ಶ್ರೀಲಂಕೆಯ ದಕ್ಷಿಣಕ್ಕೆ ನೀಲಿ ತಿಮಿಂಗಿಲಗಳ ನೆಲೆಯ ನಡುವೆ ಸಾಗುತ್ತಿದ್ದ ತನ್ನ ಹಡಗುಗಳನ್ನು ಎಂಎಸ್‌ಸಿ ಎಂಬ ದೊಡ್ಡ ಕಂಪನಿ 2022ರಲ್ಲಿ ತಾನಾಗಿಯೇ ಇನ್ನಷ್ಟು ದಕ್ಷಿಣದ ದಾರಿಗೆ ಸರಿಸಿತು. ಹಡಗಿನ ದಾರಿಯನ್ನು ಸರಿಸಬಹುದು, ಅಳಿವೆಯನ್ನು ಸರಿಸಲಾಗದು. ಆದುದರಿಂದ ಬಂದರಿನ ಸ್ಥಳದ ಆಯ್ಕೆಯೇ ಮೊದಲ ಪ್ರಶ್ನೆ.

ಕಾನೂನು ಮತ್ತು ಭಾಷೆ

2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಇಂಥ ಯೋಜನೆಗಳಿಗೆ ಸಾರ್ವಜನಿಕ ವಿಚಾರಣೆ ನಡೆಯಬೇಕು. ಕನಿಷ್ಠ 30 ದಿನ ಮೊದಲು ಸೂಚನೆ ನೀಡಬೇಕು. ವರದಿಯ ಸಾರಾಂಶವು ರಾಜ್ಯದ ಅಧಿಕೃತ ಭಾಷೆ ಅಥವಾ ಸ್ಥಳೀಯ ಭಾಷೆಯಲ್ಲಿರಬೇಕು. ಆದರೆ ಪೂರ್ಣ ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೇ ಇರುತ್ತದೆ. 2020ರಲ್ಲಿ ಈ ಅಧಿಸೂಚನೆಯನ್ನೇ ಬದಲಿಸುವ ಕರಡು ಬಂದಾಗ, ದೆಹಲಿ ಹೈಕೋರ್ಟು ಅದನ್ನು ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸಲು ಹೇಳಿತು. ಕನ್ನಡದಂಥ ಭಾಷೆಗಳಲ್ಲಿ ಅದಕ್ಕೆ ತಕ್ಕ ಪ್ರಚಾರ ದೊರೆತಿಲ್ಲವೆಂಬ ದೂರಿನ ಮೇಲೆ ಕರ್ನಾಟಕ ಹೈಕೋರ್ಟು ಅದೇ ಆಗಸ್ಟಿನಲ್ಲಿ ಅಂತಿಮ ಪ್ರಕಟಣೆಗೆ ತಡೆ ನೀಡಿತು.

ಭಾಷಾ ಅಲ್ಪಸಂಖ್ಯಾತರಾದ ನಮಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಕಾಗದ ಅರಿಯದ ಭಾಷೆಯಲ್ಲಿದ್ದರೆ, ಸಹಿ ನಮ್ಮದಾದರೂ ಒಪ್ಪಿಗೆ ನಮ್ಮದಾಗದು. ಇದೇ ಅಧಿಸೂಚನೆ ದೊಡ್ಡ ಸಕ್ಕರೆ ಕಾರ್ಖಾನೆಗಳಿಗೂ ಅನ್ವಯಿಸುತ್ತದೆ. ನಾಳೆ ನಮ್ಮ ತಾಲ್ಲೂಕಿನಲ್ಲಿ ಅಂಥ ವಿಚಾರಣೆ ನಡೆದರೆ, ಕನ್ನಡ ಹಳ್ಳಿಗಳಿಗೆ ಕನ್ನಡದಲ್ಲಿ ಸಾರಾಂಶ ಕೊಡಿರೆಂದು ನಾವು ಲಿಖಿತವಾಗಿ ಕೇಳಬೇಕು.

ತೂಗುವ ಬಗೆ

ಬಂದರೇ ಬೇಡವೆಂಬುದು ನಮ್ಮ ನಿಲುವಲ್ಲ; ಎಲ್ಲಿಯಾದರೂ ಆಗಲಿ ಎಂಬುದೂ ಅಲ್ಲ. ಲಾಭವು ಕೋಟ್ಯಂತರ ಜನರಿಗೆ ತುಸುತುಸುವಾಗಿ ಹಂಚಿಹೋಗುತ್ತದೆ; ನಷ್ಟವು ಕೆಲವೇ ಊರುಗಳ ಮೇಲೆ ಒಟ್ಟಿಗೆ ಬೀಳುತ್ತದೆ. ಆದುದರಿಂದ ಕೇಳಬೇಕಾದ ಪ್ರಶ್ನೆಗಳಿವು:

1. ಇರುವ ಬಂದರುಗಳನ್ನು ಪೂರ್ಣವಾಗಿ ಬಳಸಲಾಗಿದೆಯೇ?
2. ಆಯ್ದ ಸ್ಥಳವು ಮೀನು ಮರಿಯಿಡುವ ಅಳಿವೆಯೇ, ಆಮೆಯ ದಂಡೆಯೇ?
3. ಅಧ್ಯಯನವು ಮಳೆಗಾಲವನ್ನೂ ಒಳಗೊಂಡಿದೆಯೇ?
4. ಎತ್ತಿದ ಹೂಳನ್ನು ಎಲ್ಲಿ ಸುರಿಯಲಾಗುತ್ತದೆ?
5. ಹಡಗುಗಳ ವೇಗ, ದಾರಿಗಳಿಗೆ ನಿಯಮವಿದೆಯೇ?
6. ಸ್ವಂತ ದೋಣಿಯಿಲ್ಲದ ಕೂಲಿಗಳಿಗೂ ಮೀನು ಮಾರುವ ಹೆಂಗಸರಿಗೂ ಪರಿಹಾರವಿದೆಯೇ?

ಈ ಆರು ಪ್ರಶ್ನೆಗಳನ್ನಿಟ್ಟುಕೊಂಡು ಎಂಟು, ಒಂಬತ್ತನೆಯ ತರಗತಿಗಳಲ್ಲಿ ಒಂದು ಅಣಕು ವಿಚಾರಣೆ ನಡೆಸಬಹುದು. ಒಂದು ಗುಂಪು ಮೀನುಗಾರರು, ಒಂದು ಗುಂಪು ಬಂದರು ಅಧಿಕಾರಿಗಳು, ಇನ್ನೊಂದು ಗುಂಪು ನಮ್ಮಂಥ ಸೋಯಾ ಬೆಳೆಗಾರರು. ಮಕ್ಕಳು ತಮ್ಮ ಮಾತಿನಲ್ಲಿ ವಾದಿಸಲಿ, ಪಾಲಕರು ಬಂದು ಕೇಳಲಿ.