ನಿಜಾಮರ ಸಾವಿರ ಪೌಂಡು ಮತ್ತು ಕ್ಲೋರೋಫಾರಂ

ಕಲಬುರಗಿ, ರಾಯಚೂರು, ಬೀದರ್ ಸೀಮೆಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದ ಚರಿತ್ರೆಯೆಂದರೆ ನಮಗೆ ನೆನಪಾಗುವುದು ನಿಜಾಮರ ವಜ್ರಗಳು, ರಜಾಕಾರರು. ಅದೇ ಬೊಕ್ಕಸದ ಹಣ ಅರಿವಳಿಕೆಯ ಸಂಶೋಧನೆಗೂ ಹೋಗಿತ್ತೆಂಬುದು ಹೆಚ್ಚಿನವರಿಗೆ ತಿಳಿಯದು.

1847ರಲ್ಲಿ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರಂ ಬಳಕೆಗೆ ತಂದರು. 1848ರ ಜನವರಿಯಲ್ಲೇ ಇಂಗ್ಲೆಂಡಿನ ಹನ್ನಾ ಗ್ರೀನರ್ ಎಂಬ 15ರ ಹುಡುಗಿ ಕಾಲುಗುರು ತೆಗೆಸಿಕೊಳ್ಳಲು ಹೋಗಿ, ಅದನ್ನು ಮೂಸಿದ ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ಮೊದಲು ನಿಂತದ್ದು ಉಸಿರೋ, ಹೃದಯವೋ? ವೈದ್ಯರು ದಶಕಗಟ್ಟಲೆ ಜಗಳವಾಡಿದರು.

ಹೈದರಾಬಾದಿನಲ್ಲಿದ್ದ ಸರ್ಜನ್ ಎಡ್ವರ್ಡ್ ಲಾರಿಗೆ ಸಂಶಯವೇ ಇರಲಿಲ್ಲ. ಉಸಿರನ್ನು ನೋಡಿಕೊಳ್ಳಿ, ನಾಡಿಯ ಗೊಡವೆ ಬೇಡ ಎಂಬುದು ಅವರ ಪಾಠ. ಆರನೆಯ ನಿಜಾಮ್ ಮೆಹಬೂಬ್ ಅಲಿ ಖಾನರ ನೆರವಿನಿಂದ 1888ರಲ್ಲಿ ನಾಯಿಗಳ ಮೇಲೆ ಪ್ರಯೋಗಗಳಾದವು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಫಲಿತಾಂಶವನ್ನು ಒಪ್ಪಲಿಲ್ಲ. ಹಾಗಾದರೆ ನೀವೇ ಒಬ್ಬರನ್ನು ಆರಿಸಿ ಕಳಿಸಿ ಎಂದು ನಿಜಾಮರು ಸಾವಿರ ಪೌಂಡು ಕೊಟ್ಟರು. ಟೀಕಿಸಿದವರನ್ನೇ ಖರ್ಚು ಕೊಟ್ಟು ಕರೆಸಿಕೊಂಡ ಈ ನಡೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 1889ರಲ್ಲಿ ಲಾಡರ್ ಬ್ರಂಟನ್ ಬಂದರು. ನಾನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪರೀಕ್ಷೆಯಾಯಿತು. ಹೃದಯಕ್ಕೆ ಅಪಾಯವಿದೆಯೆಂದು ನಂಬಿ ಬಂದಿದ್ದ ಬ್ರಂಟನ್ ಕೂಡ ಲಾರಿಯ ಪಕ್ಷ ಸೇರಿದರು.

ಆದರೆ ಲಾರಿಯ ತೀರ್ಮಾನ ಅರ್ಧ ಮಾತ್ರ ಸರಿ. ಪ್ರಾಣಿಗೆ ಸಾಯುವವರೆಗೂ ಹೆಚ್ಚು ಹೆಚ್ಚು ಕ್ಲೋರೋಫಾರಂ ಕೊಡುತ್ತ ಹೋದರೆ ಮೊದಲು ಉಸಿರೇ ನಿಲ್ಲುತ್ತದೆ. ಹನ್ನಾಳಂಥವರು ಸತ್ತದ್ದು ಹಾಗಲ್ಲ. ಅರೆ ಎಚ್ಚರದಲ್ಲಿ, ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಕ್ಲೋರೋಫಾರಂ ಸೋಕಿದ ಹೃದಯ ಆಗ ಬಡಿತದ ಲಯ ತಪ್ಪಿ ಥಟ್ಟನೆ ನಿಲ್ಲಬಹುದು. ಗುಡ್‌ಮನ್ ಲೆವಿ 1911ರಲ್ಲಿ ಬೆಕ್ಕುಗಳ ಮೇಲಿನ ಪ್ರಯೋಗದಿಂದ ಇದನ್ನು ತೋರಿಸಿದರು. ಮೆಹಬೂಬ್ ಅಲಿ ಖಾನರು ತೀರಿಕೊಂಡದ್ದೂ ಅದೇ ವರ್ಷ. ಹೈದರಾಬಾದಿನ ವರದಿಯನ್ನು ನಂಬಿ ನಾಡಿ ಮುಟ್ಟದೆ ಕ್ಲೋರೋಫಾರಂ ಕೊಟ್ಟವರ ಕೈಯಲ್ಲಿ ಎಷ್ಟು ಜೀವ ಹೋಯಿತೋ, ಲೆಕ್ಕವಿಟ್ಟವರಿಲ್ಲ.

ಹಾಗೆಂದು ಲಾರಿಯನ್ನು ತಳ್ಳಿಹಾಕುವಂತಿಲ್ಲ. ಅರಿವಳಿಕೆ ಕೊಡುವವರ ಕಣ್ಣು ಸರ್ಜನ್‌ನ ಕತ್ತಿಯ ಮೇಲಲ್ಲ, ರೋಗಿಯ ಉಸಿರಿನ ಮೇಲಿರಬೇಕೆಂದು ಹಟ ಹಿಡಿದು ಕಲಿಸಿದವರು ಅವರು. ಅವರ ಶಿಷ್ಯೆ, ಪಾರ್ಸಿ ಹೆಣ್ಣುಮಗಳು ರೂಪಾಬಾಯಿ ಫರ್ದೂನ್‌ಜಿ, ಹೈದರಾಬಾದಿನ ಆಸ್ಪತ್ರೆಗಳಲ್ಲಿ ಇದೇ ಕೆಲಸ ಮಾಡಿದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದೇ ಆಕೆಯನ್ನು ಕರೆಯುವವರಿದ್ದಾರೆ.

ಕ್ಲೋರೋಫಾರಂ ಈಗ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿಲ್ಲ. ರೋಗಿಯ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ರಕ್ತದ ಆಮ್ಲಜನಕವನ್ನೂ ನಾಡಿಯನ್ನೂ ಒಟ್ಟಿಗೇ ತೋರಿಸುತ್ತದೆ. ಅರಿವಳಿಕೆ ಕೊಡುವ ಮೊದಲು ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಸುರಕ್ಷಾ ಪಟ್ಟಿಯಲ್ಲಿದೆ.